ಮೂರನೆಯ ತರಗತಿಯ ಕಲಿಕಾ ಚಟುವಟಿಕೆಗಳ ಅವಲೋಕನ: ಹೆತ್ತವರಿಗೆ ಏನನ್ನು ಬರೆದು ಕೊಡಬೇಕು?

ಪ್ರಶ್ನೆ: ಶಿರಿಯಾ ಹೊಳೆಬದಿ

ಕಾಸರಗೋಡು ಜಿಲ್ಲೆಯ ಕುಂಬಳೆ ಉಪಜಿಲ್ಲೆಯಲ್ಲಿರುವ ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯೊಂದರಲ್ಲಿ ನಾನು ಮೂರನೆಯ ತರಗತಿಯ ಅಧ್ಯಾಪಿಕೆಯಾಗಿದ್ದೇನೆ. ಜೂನ್ ತಿಂಗಳಿಂದ ಈಚೆಗೆ ತರಗತಿಯಲ್ಲಿ ನಡೆದ ಕಲಿಕಾ ಚಟುವಟಿಕೆಗಳ ಅವಲೋಕನವೊಂದನ್ನು, ಓಣಂ ಪರೀಕ್ಷೆಯ ಬಳಿಕ ಸೇರುವ ಕ್ಲಾಸ್ ಪಿ.ಟಿ.ಎ. ಸಭೆಯಲ್ಲಿ ಹೆತ್ತವರಿಗೆ ಬರಹದಲ್ಲಿ ಕೊಡಬೇಕೆಂದು ನಮ್ಮ ಶಾಲೆಯ ಅಧ್ಯಾಪಕರು ಸೇರುವ ಎಸ್.ಆರ್.ಜಿ. ಸಭೆಯಲ್ಲಿ ತೀರ್ಮಾನವಾಗಿದೆ. ಎರಡು ಪುಟ ಮೀರಬಾರದೆಂದೂ ಹೇಳಿದ್ದಾರೆ. ಅದನ್ನು ಯಾವ ರೀತಿಯಲ್ಲಿ ಬರೆದರೆ ಹೆತ್ತವರಿಗೆ ನಿಜವಾಗಿ ಪ್ರಯೋಜನವಾದೀತು ಎಂಬುದನ್ನು ಅನುಭವಿಗಳಿಂದ ತಿಳಿಯಬಯಸುತ್ತೇನೆ.

ನಡೆದ ಕೆಲಸಗಳಲ್ಲಿ ಮುಖ್ಯವಾದವು ಇವು. ಪರಿಸರ ಅಧ್ಯಯನದಲ್ಲಿ ಮಕ್ಕಳೇ ಮಳೆಯನ್ನು ಅಳೆದರು. ಬದಿ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯ ಭಾಗವನ್ನು ಕತ್ತರಿಸಿ, ಅದನ್ನೇ ಮಗುಚಿ ಆಲಿಕೆಯಾಗಿ ಕೂರಿಸಿ, ತಳದ ಉಬ್ಬುತಗ್ಗುಗಳು ಮುಚ್ಚುವಷ್ಟು ಸಣ್ಣ ಕಲ್ಲು ಮತ್ತು ನೀರು ತುಂಬಿ, ಆ ನೀರಿನ ಮಟ್ಟಕ್ಕೆ ಸೊನ್ನೆಯ ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರಿನ ಪಟ್ಟಿಯನ್ನು ಅಂಟಿಸಿದೆವು. ತೆಂಗಿನ ಮರಗಳ ಹನಿ ಬೀಳದ ಹಾಗೆ ಅದನ್ನು ಅಂಗಳದ ನಡುವೆ ಇಟ್ಟು, ಪ್ರತಿದಿನ ಅಸೆಂಬ್ಲಿಗೆ ಮುಂಚೆ ಇಬ್ಬರು ಮಕ್ಕಳು ಅಳತೆಯನ್ನು ಓದಿ, ನೀರನ್ನು ಪುನಃ ಸೊನ್ನೆಯ ಗುರುತಿಗೆ ಇಳಿಸುತ್ತಿದ್ದರು. ಆ ಅಳತೆಯನ್ನು ಚೌಕುಳಿ ಹಾಳೆಯಲ್ಲಿ, ಒಂದು ಚೌಕಕ್ಕೆ ಐದು ಮಿಲಿಮೀಟರ್ ಎಂಬ ಲೆಕ್ಕದಲ್ಲಿ ಬಣ್ಣ ತುಂಬಿ ಕಂಬಗಳಾಗಿ ತೋರಿಸಿದರು. ಸೋಮವಾರದ ಕಂಬ ಎಲ್ಲ ವಾರಗಳಲ್ಲಿಯೂ ಎತ್ತರವಾಗಿ ಕಾಣುತ್ತಿದ್ದುದರಿಂದ ಸ್ವಲ್ಪ ಗೊಂದಲವಾಯಿತು. ಅದರ ಮೇಲೆ ಮಕ್ಕಳು ಒಂದು ಅವಧಿಯಿಡೀ ವಾದ ಮಾಡಿದ್ದರಿಂದ ಆ ದಿನದ ಪಾಠ ಮುಂದೆ ಹೋಗಲಿಲ್ಲ.

ಗಣಿತದಲ್ಲಿ ಹಿಡಿಸೂಡಿಯ (ತೆಂಗಿನ ಗರಿಯ ಪೊರಕೆಯ) ಕಡ್ಡಿಗಳನ್ನು ಹತ್ತು ಹತ್ತರ ಕಟ್ಟುಗಳಾಗಿ ಕಟ್ಟಿ, ಕಟ್ಟು ಬಿಚ್ಚಿ ಕಳೆಯುವ ಲೆಕ್ಕಗಳನ್ನು ಮಾಡಿಸಿದೆ. ಕನ್ನಡದಲ್ಲಿ ತರಗತಿ ಗ್ರಂಥಾಲಯದ ಪುಸ್ತಕ ಓದುವುದು, ಹಿಡಿಸಿದ ಕತೆಯನ್ನು ಎದುರು ನಿಂತು ಹೇಳುವುದು, ಅದನ್ನು ಸಣ್ಣ ನಾಟಕವಾಗಿ ಆಡುವುದು, ಗೋಡೆ ಪತ್ರಿಕೆಗೆ ಬರೆಯುವುದು ನಡೆಯಿತು.

ಕರಡಿನಲ್ಲಿ ಮಳೆಯ ಭಾಗವನ್ನು ಹೀಗೆ ಬರೆದಿದ್ದೇನೆ: ‘ಮಳೆಮಾಪಕ ನಿರ್ಮಾಣ ಚಟುವಟಿಕೆಯನ್ನು ಯಶಸ್ವಿಯಾಗಿ ನಡೆಸಲಾಯಿತು. ಮಕ್ಕಳು ಅತ್ಯಂತ ಉತ್ಸಾಹದಿಂದ ಪಾಲ್ಗೊಂಡರು. ವೀಕ್ಷಣೆ, ದಾಖಲಿಸುವಿಕೆ, ವಿಶ್ಲೇಷಣೆ ಮುಂತಾದ ಸಾಮರ್ಥ್ಯಗಳು ಬೆಳೆದವು.’

ಹೀಗೆ ಬರೆದರೆ ಸಾಕೆ? ಕಲಿಕೆಯಲ್ಲಿ ಹಿಂದುಳಿದಿರುವ ಮಕ್ಕಳ ವಿಷಯವನ್ನು ಇದರಲ್ಲಿ ಎಷ್ಟರ ಮಟ್ಟಿಗೆ ಹೇಳಬಹುದು? ನಮ್ಮ ಮಕ್ಕಳ ಮನೆಗಳಲ್ಲಿ ತುಳು, ಮಲಯಾಳ, ಬ್ಯಾರಿ, ಮರಾಠಿ, ಹವ್ಯಕ ಹೀಗೆ ಬೇರೆ ಬೇರೆ ಮಾತುಗಳಿವೆ. ಕನ್ನಡ ಲಿಪಿಯನ್ನು ಓದಲಾಗದ ತಾಯಂದಿರೂ ಕೆಲವರಿದ್ದಾರೆ. ಅವರಿಗೆ ಇದನ್ನು ತಲುಪಿಸುವುದು ಹೇಗೆ?

ಉತ್ತರ: ಬದಿಯಡ್ಕದ ಹಳೆ ಮಾಸ್ಟ್ರು

ಟೀಚರ್, ನಿಮ್ಮ ಕರಡಿನ ಆ ಮೂರು ವಾಕ್ಯಗಳನ್ನು ಜಿಲ್ಲೆಯ ಯಾವ ಶಾಲೆಯ ಯಾವ ವರ್ಷದ ವರದಿಗೆ ಸೇರಿಸಿದರೂ ಹೊಂದಿಕೊಳ್ಳುತ್ತವೆ. ಅವುಗಳಲ್ಲಿ ತಪ್ಪಿಲ್ಲ; ಆದರೆ ನಿಮ್ಮ ತರಗತಿಯೂ ಅಲ್ಲಿಲ್ಲ. ಮಳೆಮಾಪಕದ ಬದಲು ಬೀಜ ಮೊಳೆಯಿಸಿದ್ದನ್ನು ಬರೆದಿದ್ದರೂ ಉಳಿದ ಎರಡು ವಾಕ್ಯಗಳನ್ನು ಮುಟ್ಟಬೇಕಾಗಿರಲಿಲ್ಲ.

1994ರಲ್ಲಿ ಡಿ.ಪಿ.ಇ.ಪಿ. (ಜಿಲ್ಲಾ ಪ್ರಾಥಮಿಕ ಶಿಕ್ಷಣ) ಯೋಜನೆ ಬಂದಾಗ ಕೇರಳದಲ್ಲಿ ಮೊದಲಿಗೆ ಆಯ್ಕೆಯಾದ ಮೂರು ಜಿಲ್ಲೆಗಳಲ್ಲಿ ವಯನಾಡು, ಮಲಪ್ಪುರಗಳ ಜೊತೆಗೆ ನಮ್ಮ ಕಾಸರಗೋಡೂ ಇತ್ತು. ಚಟುವಟಿಕೆಯ ಮೂಲಕ ಕಲಿಸುವ ಕ್ರಮಕ್ಕೆ ಇಲ್ಲಿನ ಅಧ್ಯಾಪಕರು ಅಂದಿನಿಂದಲೇ ಒಗ್ಗಿಕೊಂಡಿದ್ದಾರೆ. ಚಟುವಟಿಕೆಯ ಹೆಸರನ್ನು ಬರೆದಿಟ್ಟರೆ ಕಲಿಕೆಯನ್ನು ಬರೆದಿಟ್ಟಂತಾಯಿತೆಂದು ತಿಳಿಯುವ ಅಭ್ಯಾಸವೂ ಅದರ ಬೆನ್ನಿಗೇ ಬೆಳೆದು ಬಂದಿದೆಯೆಂದು ನನ್ನ ಅನಿಸಿಕೆ. ಅಧ್ಯಾಪಕರು ಪಾಠಯೋಜನೆ ಬರೆಯುವ ಟೀಚಿಂಗ್ ಮ್ಯಾನುವಲ್‌ನಲ್ಲಿ ಪ್ರಕ್ರಿಯೆಯ ಮಗ್ಗುಲಲ್ಲಿಯೇ ಮಕ್ಕಳ ಪ್ರತಿಕ್ರಿಯೆಗೆ ಜಾಗ ಬಿಡುವುದು ಸುಮ್ಮನೆ ಅಲ್ಲ. ಹೆತ್ತವರಿಗೆ ಕೊಡುವ ಅವಲೋಕನವನ್ನು ಆ ಮಗ್ಗುಲಿನಿಂದ ಎತ್ತಿಕೊಳ್ಳಬೇಕು. ನಾವು ಏನನ್ನು ಮಾಡಿಸಿದೆವು ಎಂಬುದು ಮೇಲಧಿಕಾರಿಗಳಿಗೆ ಬೇಕಾದ ವಿಷಯ. ಮಗು ಏನು ಮಾಡಿತು, ಏನು ಹೇಳಿತು, ಎಲ್ಲಿ ತಡವರಿಸಿತು ಎಂಬುದು ಹೆತ್ತವರಿಗೆ ಬೇಕಾದ ವಿಷಯ.

ಗಣಿತದಲ್ಲಿಯೂ ಅಷ್ಟೇ. ಐವತ್ತೆರಡರಿಂದ ಇಪ್ಪತ್ತೇಳನ್ನು ಕಳೆಯಲು ಹೇಳಿದರೆ ಮೂವತ್ತೈದು ಎಂದು ಬರೆಯುವ ಮಕ್ಕಳು ಎಲ್ಲ ಮೂರನೆಯ ತರಗತಿಗಳಲ್ಲಿಯೂ ಇರುತ್ತಾರೆ. ಬಿಡಿಯ ಮನೆಯಲ್ಲಿ ಎರಡರಿಂದ ಏಳು ಹೋಗುವುದಿಲ್ಲವೆಂದು ಕಂಡು, ಏಳರಿಂದ ಎರಡನ್ನು ಕಳೆದು ಐದೆಂದು ಬರೆದುಬಿಡುತ್ತಾರೆ. ಅದೇ ಮಗುವಿನ ಕೈಗೆ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಕೊಟ್ಟರೆ ಒಂದು ಕಟ್ಟನ್ನು ಬಿಚ್ಚಿ, ಹನ್ನೆರಡು ಬಿಡಿಗಳಿಂದ ಏಳನ್ನು ತೆಗೆದಿಟ್ಟು, ಉಳಿದ ನಾಲ್ಕು ಕಟ್ಟುಗಳಿಂದ ಎರಡನ್ನು ತೆಗೆದು, ಇಪ್ಪತ್ತೈದು ಎಂದು ಸರಿಯಾಗಿಯೇ ಹೇಳುತ್ತದೆ. ಕೈಗೆ ಗೊತ್ತಿರುವುದು ಇನ್ನೂ ಹಾಳೆಗೆ ಇಳಿದಿಲ್ಲ, ಅಷ್ಟೆ. ನಿಮ್ಮ ತರಗತಿಯಲ್ಲಿ ಹೀಗಿದ್ದರೆ ಅದನ್ನು ಬಿಡಿಸಿ ಬರೆಯಿರಿ. ‘ವ್ಯವಕಲನದಲ್ಲಿ ಹೆಚ್ಚಿನ ಅಭ್ಯಾಸ ಬೇಕು’ ಎಂದು ಬರೆದರೆ ಮನೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸುತ್ತಾರೆ.

ಇನ್ನು ಸೋಮವಾರದ ಕಂಬದ ವಿಷಯ. ಪಾಠ ಮುಂದೆ ಹೋಗಲಿಲ್ಲವೆಂದು ನೀವು ಒಂದು ವಾಕ್ಯದಲ್ಲಿ ದಾಟಿಸಿದ ಆ ಅವಧಿಯೇ ನಿಮ್ಮ ಅವಲೋಕನದ ಮೊದಲ ಪುಟವಾಗಬೇಕು. ಮಕ್ಕಳು ಏನೆಂದು ವಾದಿಸಿದರು? ದಯವಿಟ್ಟು ಇಲ್ಲಿ ಬರೆಯಿರಿ.

ಶಿರಿಯಾ ಹೊಳೆಬದಿ

ಧನ್ಯವಾದಗಳು ಮಾಸ್ಟ್ರೇ. ನೆನಪಿರುವಷ್ಟನ್ನು ಬರೆಯುತ್ತೇನೆ.

ಕಂಬಗಳನ್ನು ಗೋಡೆಗೆ ಅಂಟಿಸಿದ ಮೇಲೆ, ಯಾವ ದಿನ ಮಳೆ ಹೆಚ್ಚು ಬಂದಿದೆ ಎಂದು ಕೇಳಿದೆ. ಸೋಮವಾರ ಎಂದರು. ಮಳೆಗೆ ಸೋಮವಾರ ಇಷ್ಟವೇ ಎಂದು ತಮಾಷೆಗೆ ಕೇಳಿದಾಗ ಕೆಲವರು ಹೌದೆಂದರು. ಹಿಂದಿನ ಸಾಲಿನಲ್ಲಿ ಕೂರುವ, ಸಾಮಾನ್ಯವಾಗಿ ಮಾತೇ ಆಡದ ಒಬ್ಬ ಹುಡುಗ ಎದ್ದು ನಿಂತು, ಶನಿವಾರ ಮತ್ತು ಆದಿತ್ಯವಾರ ಬಾಟಲಿಯನ್ನು ಯಾರೂ ಖಾಲಿ ಮಾಡಿಲ್ಲ, ಹಾಗಾಗಿ ಅದರಲ್ಲಿ ಮೂರು ದಿನಗಳ ನೀರಿದೆ ಎಂದು ತುಳುವಿನಲ್ಲಿ ಹೇಳಿದ. ಆಗ ಒಬ್ಬಳು, ಹಾಗಾದರೆ ಕಂಬವನ್ನು ಮೂರು ದಿನಗಳಿಗೆ ಹಂಚೋಣ ಎಂದಳು. ಆ ಸೋಮವಾರದ ಅಳತೆ ತೊಂಬತ್ತು ಮಿಲಿಮೀಟರ್ ಇತ್ತು. ಹದಿನೆಂಟು ಚೌಕಗಳ ಕಂಬವನ್ನು ಕತ್ತರಿಸಿ, ಆರಾರು ಚೌಕಗಳ ಮೂರು ತುಂಡು ಮಾಡಿ ಅಂಟಿಸಲು ಅವಳು ಹೊರಟದ್ದೇ ತಡ, ಇನ್ನೊಬ್ಬ ಅದನ್ನು ಒಪ್ಪಲಿಲ್ಲ. ಆದಿತ್ಯವಾರ ನಮ್ಮಲ್ಲಿ ಬಟ್ಟೆ ಒಣಗಿದೆ, ಆ ದಿನಕ್ಕೆ ಆರು ಚೌಕ ಹೇಗೆ ಕೊಡುತ್ತೀ ಎಂಬುದು ಅವನ ವಾದ. ಅವನ ಮನೆ ಇರುವುದು ಹೊಳೆಯ ಆಚೆ ಬದಿಯಲ್ಲಿ, ಅಲ್ಲಿಯ ಮಳೆಯೇ ಬೇರೆ ಎಂದು ಮತ್ತೊಬ್ಬಳು. ಗಂಟೆ ಹೊಡೆಯುವವರೆಗೂ ಇದೇ ನಡೆಯಿತು. ಜೋರು ಮಳೆಯೆಂದು ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನಗಳಿಗೆ ಕಂಬವೇ ಇಲ್ಲ, ಎಲ್ಲಕ್ಕಿಂತ ಹೆಚ್ಚು ಮಳೆ ಬಂದ ದಿನ ನಮ್ಮ ಗೋಡೆಯಲ್ಲಿ ಖಾಲಿಯಾಗಿದೆ ಎಂಬುದನ್ನೂ ಅವರೇ ಕಂಡುಹಿಡಿದರು.

ಕಡ್ಡಿಯ ಲೆಕ್ಕದಲ್ಲಿಯೂ ನೀವು ಹೇಳಿದಂತೆಯೇ ಇದೆ. ಕಡ್ಡಿಯಲ್ಲಿ ಸರಿ ಮಾಡಿ, ಪುಸ್ತಕದಲ್ಲಿ ಮೂವತ್ತೈದು ಎಂದು ಬರೆಯುವವರು ತರಗತಿಯಲ್ಲಿ ಕೆಲವರಿದ್ದಾರೆ.

ಉತ್ತರ: ಅಡಿಕೆ ಅಂಗಳ

ನಾನು ಅಧ್ಯಾಪಕನಲ್ಲ. ಇಂತಹ ಕಾಗದವನ್ನು ಮನೆಗೆ ತರುವ ಮಗಳ ತಂದೆಯಾಗಿ, ಮಂಜೇಶ್ವರದ ಕಡೆಯಿಂದ ಬರೆಯುತ್ತಿದ್ದೇನೆ.

ಶಾಲೆಯಿಂದ ನಮಗೆ ಬರುವುದು ಹೆಚ್ಚಾಗಿ ವಾಟ್ಸಾಪ್ ಗುಂಪಿನಲ್ಲಿ ಫೋಟೊಗಳು. ಮಕ್ಕಳು ಸಾಲಾಗಿ ನಿಂತು, ಕೈಯಲ್ಲಿ ಏನನ್ನೋ ಹಿಡಿದು ನಗುತ್ತಿರುತ್ತಾರೆ. ಕೆಳಗೆ ಹೆತ್ತವರ ಕೈಮುಗಿದ ಚಿಹ್ನೆಗಳ ಸಾಲು. ನಮ್ಮ ಮಗಳು ಹಿಡಿದಿರುವುದು ಏನು, ಅದನ್ನು ಅವಳು ಯಾಕೆ ಮಾಡಿದಳು ಎಂಬುದು ತಿಳಿಯುವುದಿಲ್ಲ. ಶಾಲೆಯಲ್ಲಿ ಏನು ಮಾಡಿದಿರಿ ಎಂದು ಮಗುವನ್ನೇ ಕೇಳಿದರೆ ‘ಏನಿಲ್ಲ’ ಎನ್ನುತ್ತದೆ. ಆದರೆ ಟೀಚರ್ ಮೇಲೆ ಬರೆದದ್ದನ್ನು ಓದಿದ ಹೆತ್ತವರು ‘ಸೋಮವಾರದ ಕಂಬ ಯಾಕೆ ಎತ್ತರವಂತೆ?’ ಎಂದು ಕೇಳಬಹುದು, ಮಗು ಅರ್ಧ ಗಂಟೆ ಮಾತಾಡೀತು. ಆದ್ದರಿಂದ ಪ್ರತಿ ಚಟುವಟಿಕೆಯ ವಿವರಣೆಯ ಕೆಳಗೆ ಮನೆಯಲ್ಲಿ ಕೇಳಬಹುದಾದ ಒಂದು ಪ್ರಶ್ನೆಯನ್ನು ಬರೆದುಕೊಡಿ. ಒಂದೇ ಸಾಕು. ಹತ್ತು ಕೊಟ್ಟರೆ ಅದು ಹೋಂವರ್ಕ್ ಆಗುತ್ತದೆ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು ಎಂಬುದನ್ನು ನನಗೆ ಹೇಳಿದವಳು ಮಗಳು. ಅಡಿಕೆ ಒಣಗಿಸುವ ಅಂಗಳವನ್ನು ಹೆಜ್ಜೆಯಲ್ಲಿ ಅಳೆಯುತ್ತಾ, ಇಲ್ಲಿಗೆ ಬಿದ್ದ ನೀರು ಎಷ್ಟು ಕೊಡಪಾನವಾದೀತು ಎಂದು ಕೇಳುತ್ತಿದ್ದಳು. ಅವಳಿಗೆ ಅದನ್ನು ಯಾರು, ಯಾವಾಗ ಕಲಿಸಿದರೆಂದು ನಮಗೆ ಯಾವ ಕಾಗದದಿಂದಲೂ ಗೊತ್ತಾಗಿರಲಿಲ್ಲ.

ಕಳೆಯುವ ಲೆಕ್ಕದ ಬಗ್ಗೆ ಒಂದು ಕೋರಿಕೆ. ನಾವು ಕಲಿತದ್ದು ಪಕ್ಕದ ಅಂಕಿಯಿಂದ ಸಾಲ ತರುವ ಕ್ರಮ. ಮನೆಯಲ್ಲಿ ಮಗುವಿಗೆ ಹೇಳಿಕೊಡಲು ಕುಳಿತಾಗ ಬಾಯಿಗೆ ಬರುವುದು ಅದೇ. ಶಾಲೆಯಲ್ಲಿ ಕಟ್ಟು ಬಿಚ್ಚುತ್ತಾರೆ, ಮನೆಯಲ್ಲಿ ಸಾಲ ತರುತ್ತಾರೆ, ನಡುವೆ ಮಗು ಅಳುತ್ತದೆ. ತರಗತಿಯಲ್ಲಿ ಯಾವ ಕ್ರಮದಲ್ಲಿ ಮಾಡಿಸಿದ್ದೀರೋ ಅದನ್ನು ಬಿಡಿಸಿದ ಒಂದು ಲೆಕ್ಕದ ಮೂಲಕ, ಬೇಕಾದರೆ ಚಿತ್ರ ಬರೆದು ತೋರಿಸಿದರೆ ನಾವೂ ಅದನ್ನೇ ಹಿಡಿಯುತ್ತೇವೆ.

ಭಾಷೆಯ ವಿಷಯದಲ್ಲಿ ನಮ್ಮ ಮನೆಯದ್ದೇ ಉದಾಹರಣೆ ಕೊಡುತ್ತೇನೆ. ನನ್ನದು ತುಳು; ಹೆಂಡತಿ ಕಾಞಂಗಾಡಿನ ಕಡೆಯವಳು, ಓದಿದ್ದು ಮಲಯಾಳ ಮಾಧ್ಯಮದಲ್ಲಿ. ಮಗಳಿಗೆ ಒಂದನೆಯ ತರಗತಿಯಲ್ಲಿ ಸಂಯುಕ್ತ ಡೈರಿ ಬರೆಯಲಿತ್ತು. ಮಗು ಪೆನ್ಸಿಲಿನಲ್ಲಿ ಬರೆಯಬೇಕು, ಅದಕ್ಕೆ ಗೊತ್ತಿಲ್ಲದ ಅಕ್ಷರಗಳನ್ನು ಮನೆಯವರು ಪೆನ್ನಿನಲ್ಲಿ ತುಂಬಬೇಕು. ಸಂಜೆ ಮಗುವಿನ ಜೊತೆಗೆ ಇರುತ್ತಿದ್ದವಳು ತಾಯಿ. ಪೆನ್ನು ಹಿಡಿಯುತ್ತಿದ್ದವರು ಮಾತ್ರ ಕನ್ನಡ ಶಾಲೆಯಲ್ಲಿ ಓದಿದ ನನ್ನ ಅಮ್ಮ. ಬರಬರುತ್ತಾ ಪೆನ್ನಿನ ಅಕ್ಷರಗಳು ಕಡಿಮೆಯಾಗಿ ಪೆನ್ಸಿಲಿನವು ಹೆಚ್ಚಾದದ್ದನ್ನು ಓದು ಬಾರದವರೂ ಪುಟ ಮಗುಚಿ ನೋಡಬಹುದಾಗಿತ್ತು. ನಿಮ್ಮ ಅವಲೋಕನದಲ್ಲಿಯೂ ಅಂತಹ ಏನಾದರೊಂದಿದ್ದರೆ, ಉದಾಹರಣೆಗೆ ಜೂನ್‌ನಲ್ಲಿ ಮಗು ಬರೆದ ಒಂದು ಪುಟ ಮತ್ತು ಆಗಸ್ಟ್‌ನಲ್ಲಿ ಬರೆದ ಒಂದು ಪುಟ ಜೊತೆಗಿದ್ದರೆ, ತಾಯಂದಿರಿಗೆ ಅದು ನೇರವಾಗಿ ತಲುಪುತ್ತದೆ. ಉಳಿದದ್ದನ್ನು ಧ್ವನಿ ಸಂದೇಶವಾಗಿ ಕಳಿಸಿದರೆ ಆಯಿತು. ಇಲ್ಲಿ ಕನ್ನಡ ಓದಲು ಬಾರದವರಿಗೂ ಕೇಳಿದರೆ ಅರ್ಥವಾಗುತ್ತದೆ.

ಉತ್ತರ: ಗುಡ್ಡೆಶಾಲೆ

ನಾನೂ ಎಲ್.ಪಿ. ಅಧ್ಯಾಪಿಕೆ, ಸೇವೆಗೆ ಸೇರಿ ಹೆಚ್ಚು ಕಾಲವಾಗಿಲ್ಲ. ಮಾಸ್ಟ್ರ ಮಾತಿನ ತಿರುಳನ್ನು ಒಪ್ಪುತ್ತೇನೆ, ಒಂದು ಅಂಶದಲ್ಲಿ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ.

ಮಗು ಎಲ್ಲಿ ತಡವರಿಸಿತು ಎಂಬುದನ್ನು ಎಲ್ಲರಿಗೂ ಹಂಚುವ ಕಾಗದದಲ್ಲಿ ಬರೆಯಬಾರದು. ನಮ್ಮ ಕನ್ನಡ ಶಾಲೆಗಳಲ್ಲಿ ಎಷ್ಟೋ ತರಗತಿಗಳು ಬೆರಳೆಣಿಕೆಯ ಮಕ್ಕಳವು. ‘ಒಬ್ಬ ವಿದ್ಯಾರ್ಥಿ ಮೂವತ್ತೈದು ಎಂದು ಬರೆದನು’ ಎಂದು ಹೆಸರು ಬಿಟ್ಟು ಬರೆದರೂ, ಸಭೆಯಲ್ಲಿ ಕುಳಿತವರಿಗೆಲ್ಲ ಅದು ಯಾರ ಮಗನೆಂದು ಗೊತ್ತಾಗುತ್ತದೆ. ಸಭೆ ಮುಗಿಸಿ ಮನೆಗೆ ಹೋದ ಮೇಲೆ ಆ ಮಗುವಿಗೆ ಏನಾಗುತ್ತದೆ ಎಂಬುದನ್ನೂ ನಾವು ಯೋಚಿಸಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಸೆಕ್ಷನ್ ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆ ನಡೆಯಬೇಕೆಂದು ಹೇಳುವಲ್ಲಿಯೇ, ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸಬೇಕೆಂದೂ ಹೇಳಿದೆ. ಹಾಗಾಗಿ ನಾನು ಎರಡನ್ನು ಬೇರೆ ಮಾಡುತ್ತೇನೆ. ಎಲ್ಲರಿಗೂ ಕೊಡುವ ಪುಟದಲ್ಲಿ ತರಗತಿಯ ಒಟ್ಟು ಕಲಿಕೆ ಇರುತ್ತದೆ. ಮಗುವಿನದ್ದೇ ಆದ ವಿಷಯ, ಅದರ ಕೆಲಸಗಳನ್ನು ಸೇರಿಸಿಟ್ಟ ಫೈಲಿನಲ್ಲಿ ಒಂದು ಚೀಟಿಯಾಗಿ ಇರುತ್ತದೆ. ಅದನ್ನು ಆ ಮಗುವಿನ ಹೆತ್ತವರ ಜೊತೆಗೆ ಮಾತ್ರ, ಫೈಲನ್ನು ತೆರೆದಿಟ್ಟುಕೊಂಡು ಮಾತಾಡುತ್ತೇನೆ.

ಕಡ್ಡಿಯ ಲೆಕ್ಕವನ್ನು ಸಾಮಾನ್ಯ ಪುಟದಲ್ಲಿ ಬರೆಯುವುದಾದರೆ ಹೀಗೆ ಬರೆಯಬಹುದು: ‘ಐವತ್ತೆರಡರಿಂದ ಇಪ್ಪತ್ತೇಳನ್ನು ಕಳೆಯುವಾಗ ಕಟ್ಟು ಬಿಚ್ಚುವುದನ್ನು ಮಕ್ಕಳು ಕಡ್ಡಿಗಳಲ್ಲಿ ಚೆನ್ನಾಗಿ ಮಾಡುತ್ತಾರೆ. ಬಿಚ್ಚಿದ ಕಟ್ಟನ್ನು ಅಂಕಿಗಳಲ್ಲಿ ತೋರಿಸುವ ಕೆಲಸ ಈಗ ನಡೆಯುತ್ತಿದೆ. ಮನೆಯಲ್ಲಿ ಲೆಕ್ಕ ಮಾಡುವಾಗಲೂ ಕೆಲವು ವಾರಗಳ ಕಾಲ ಕಡ್ಡಿಗಳು ಪಕ್ಕದಲ್ಲಿರಲಿ.’ ಇದರಲ್ಲಿ ಯಾರ ಮಗುವೂ ಇಲ್ಲ, ಆದರೆ ಮನೆಯಲ್ಲಿ ಮಾಡಬೇಕಾದ ಕೆಲಸವಿದೆ.

ಮಕ್ಕಳ ಒಳ್ಳೆಯ ಮಾತುಗಳನ್ನು ಬರೆಯುವುದಕ್ಕೆ ಅಡ್ಡಿಯಿಲ್ಲ. ಆದರೂ ಪ್ರತಿ ಸಲ ಅದೇ ಮೂವರು ಜಾಣರ ಮಾತುಗಳೇ ಬರದ ಹಾಗೆ ನೋಡಿಕೊಳ್ಳಬೇಕಾಗುತ್ತದೆ. ಹೆತ್ತವರು ಮೊದಲು ಹುಡುಕುವುದು ಅದನ್ನೇ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಮಧ್ಯಾಹ್ನದ ಊಟದ ಲೆಕ್ಕ, ಪೋರ್ಟಲಿಗೆ ತುಂಬಬೇಕಾದ ಮಾಹಿತಿ, ಶನಿವಾರದ ಕ್ಲಸ್ಟರ್ (ಅಧ್ಯಾಪಕರ ತರಬೇತಿ ಕೂಟ), ಇವುಗಳ ನಡುವೆ ಎಲ್ಲ ಮಕ್ಕಳ ಮಾತುಗಳನ್ನು ಬರೆದಿಡಲು ಆಗದು. ಒಂದು ಅವಧಿಗೆ ಇಬ್ಬರು ಮಕ್ಕಳನ್ನು ಮಾತ್ರ ಗಮನಿಸಬೇಕೆಂದು ನಿಶ್ಚಯಿಸಿ, ಅವರು ಹೇಳಿದ ಒಂದೊಂದು ಮಾತನ್ನು ಅವರ ಬಾಯಿಂದ ಬಂದ ಹಾಗೆಯೇ ಮ್ಯಾನುವಲ್‌ನ ಅಂಚಿನಲ್ಲಿ ಗೀಚಿಟ್ಟರೆ, ತಿಂಗಳ ಕೊನೆಗೆ ಬರೆಯಲು ಬೇಕಾದಷ್ಟು ಸಿಗುತ್ತದೆ. ಎಲ್ಲ ಚಟುವಟಿಕೆಗಳನ್ನೂ ವಿವರಿಸಬೇಕೆಂದಿಲ್ಲ. ಎರಡನ್ನು ವಿಸ್ತಾರವಾಗಿ ಬರೆದು ಉಳಿದವನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ನಾಟಕವನ್ನು ಆ ಸಾಲಿಗೆ ಸೇರಿಸಿದರೂ ನಡೆಯುತ್ತದೆ, ಶಾಲಾ ವಾರ್ಷಿಕೋತ್ಸವದಲ್ಲಿ ಹೆತ್ತವರು ಅದನ್ನು ಹೇಗೂ ನೋಡುತ್ತಾರೆ. ಫೋಟೊಗಳನ್ನು ಗುಂಪಿಗೆ ಹಾಕುವ ಮುಂಚೆ ಹೆತ್ತವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು.

ಬದಿಯಡ್ಕದ ಹಳೆ ಮಾಸ್ಟ್ರು

ಸಣ್ಣ ತರಗತಿಯ ಬಗ್ಗೆ ಗುಡ್ಡೆಶಾಲೆಯ ಟೀಚರ್ ಹೇಳಿದ್ದು ಸರಿ. ನಾನು ಕಲಿಸಿದ ಕಾಲದಲ್ಲಿ ತರಗತಿಗಳು ತುಂಬಿರುತ್ತಿದ್ದುದರಿಂದ ಹೆಸರು ಬಿಟ್ಟರೆ ಮರೆಯಾಗುತ್ತಿತ್ತು, ಈಗ ಹಾಗಿಲ್ಲ. ಚೀಟಿಯನ್ನು ಫೈಲಿನಲ್ಲಿಡುವ ಕ್ರಮ ಒಳ್ಳೆಯದು.

ಶಿರಿಯಾದ ಟೀಚರಿಗೆ ಎರಡು ಮಾತು. ಹಿಂದಿನ ಸಾಲಿನ ಹುಡುಗ ತುಳುವಿನಲ್ಲಿ ಹೇಳಿದನೆಂದು ಇಲ್ಲಿ ಬರೆದಿದ್ದೀರಿ. ಪುಟದಲ್ಲಿ ಅದನ್ನು ಕನ್ನಡಕ್ಕೆ ತಿದ್ದಿ, ತುಳುವಿನ ಸುದ್ದಿಯನ್ನೇ ಬಿಟ್ಟುಬಿಡಬೇಡಿ. ಮನೆಯ ಮಾತಿನಲ್ಲಿ ಯೋಚಿಸಲು ತರಗತಿಯಲ್ಲಿ ಅವಕಾಶವಿದೆಯೆಂದು ಹೆತ್ತವರಿಗೆ ತಿಳಿದರೆ, ಕನ್ನಡ ಸರಿಯಾಗಿ ಬರುವುದಿಲ್ಲವೆಂದು ಮಗುವಿನ ಬಾಯಿ ಮುಚ್ಚಿಸುವುದನ್ನು ಅವರು ಸ್ವಲ್ಪವಾದರೂ ಕಡಿಮೆ ಮಾಡುತ್ತಾರೆ. ಆ ಹುಡುಗನ ಹೆಸರನ್ನು ಹಾಕುವುದಿದ್ದರೆ ಅವನನ್ನೇ ಕೇಳಿ ಹಾಕಿ.

ಇನ್ನೊಂದು, ಆ ಚೌಕುಳಿ ಹಾಳೆಗಳನ್ನು ಓಣಂ ರಜೆಗೆ ಗೋಡೆಯಿಂದ ಕಿತ್ತು ಕಟ್ಟಿಡಬೇಡಿ. ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಗುಡುಗಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಮಂಗಳವಾರ ಬೆಳಗ್ಗೆ ಓದಿದ ಅಳತೆ ನಿಜವಾಗಿ ಸೋಮವಾರ ಸಂಜೆಯ ಮಳೆಯದ್ದೆಂದು ಮಕ್ಕಳಿಗೆ ಆಗ ಕಣ್ಣಾರೆ ಕಾಣುತ್ತದೆ, ಕಂಬಕ್ಕೆ ಯಾವ ದಿನದ ಹೆಸರು ಹಾಕಬೇಕೆಂಬ ಹೊಸ ಜಗಳವೂ ಹುಟ್ಟುತ್ತದೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ನಮ್ಮ ಕಡೆ ತೋಡುಗಳಿಗೆ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಕಟ್ಟುವ ಕಾಲ. ಹತ್ತಿರದಲ್ಲಿ ಎಲ್ಲಾದರೂ ಕಟ್ಟುತ್ತಿದ್ದರೆ ಮಕ್ಕಳನ್ನು ಕರೆದೊಯ್ದು, ಮಳೆಗಾಲದಲ್ಲಿ ತಾವು ಅಳೆದ ನೀರಿನಲ್ಲಿ ಇಲ್ಲಿ ನಿಂತಿರುವುದೆಷ್ಟು ಎಂದು ಕೇಳಿ. ಕ್ರಿಸ್‌ಮಸ್ ಪರೀಕ್ಷೆಯ ಬಳಿಕದ ಅವಲೋಕನಕ್ಕೆ ವಿಷಯ ಹುಡುಕಬೇಕಾಗಿ ಬರುವುದಿಲ್ಲ. ಹಾಳೆಗಳನ್ನೂ ಮಕ್ಕಳ ಫೈಲುಗಳನ್ನೂ ಮಾರ್ಚ್ ತಿಂಗಳಲ್ಲಿ ನಾಲ್ಕನೆಯ ತರಗತಿಯ ಅಧ್ಯಾಪಕರ ಕೈಗೇ ಕೊಡಿ. ಆಫೀಸಿನ ಕಪಾಟಿಗೆ ಹೋದದ್ದು ಜೂನ್‌ನಲ್ಲಿ ಯಾರಿಗೂ ಸಿಗುವುದಿಲ್ಲ.

ಶಿರಿಯಾ ಹೊಳೆಬದಿ

ಎಲ್ಲರಿಗೂ ಕೃತಜ್ಞತೆಗಳು. ಮೊದಲ ಪುಟಕ್ಕೆ ಸೋಮವಾರದ ವಾದವನ್ನೂ, ಎರಡನೆಯ ಪುಟಕ್ಕೆ ಕಡ್ಡಿಯ ಲೆಕ್ಕವನ್ನು ಚಿತ್ರಸಹಿತವಾಗಿಯೂ ಇಟ್ಟುಕೊಳ್ಳುತ್ತೇನೆ; ಪ್ರತಿಯೊಂದರ ಕೆಳಗೆ ಮನೆಯಲ್ಲಿ ಕೇಳಲು ಒಂದು ಪ್ರಶ್ನೆ. ಧ್ವನಿ ಸಂದೇಶವನ್ನು ಕನ್ನಡದಲ್ಲಿ ನಾನೇ ಹೇಳಿ, ಮಲಯಾಳದಲ್ಲಿ ಹೇಳಲು ನಮ್ಮ ಅರಬಿಕ್ ಅಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ. ಶನಿವಾರ ಮತ್ತು ಆದಿತ್ಯವಾರಗಳ ಅಳತೆಯನ್ನು ಶಾಲೆಯ ಬೇಲಿಗೆ ತಾಗಿಯೇ ಮನೆಯಿರುವ ಇಬ್ಬರು ಮಕ್ಕಳು ತಾವು ಓದುತ್ತೇ‍ವೆಂದು ಒಪ್ಪಿಕೊಂಡಿದ್ದಾರೆ. ಗೇಟಿನ ಕೀಲಿಕೈಯನ್ನು ಅವರ ಮನೆಯಲ್ಲಿ ಇಡುವ ವಿಷಯವನ್ನು ಮುಖ್ಯೋಪಾಧ್ಯಾಯರ ಬಳಿ ಮಾತಾಡಬೇಕಾಗಿದೆ; ಅವರು ಒಪ್ಪದಿದ್ದರೆ ಬಾಟಲಿಯನ್ನೇ ಶುಕ್ರವಾರ ಆ ಮನೆಯ ಅಂಗಳಕ್ಕೆ ಸಾಗಿಸುವುದೆಂದು ಮಕ್ಕಳು ತೀರ್ಮಾನಿಸಿದ್ದಾರೆ.